ಕುರಿಚಿಯ ತಾತನ ನೆನಪು

(ಕುರಿಚಿಯಲ್ಲಿ ಸೇರಿದ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ವಾಲ್ಪಾರೈಯಿಂದ ಮೊದಲ ಬಸ್ಸು ಹಿಡಿದು, ಆಳಿಯಾರು ಘಾಟಿಯ 40 ತಿರುವುಗಳನ್ನು ಇಳಿದು ಬಂದವರು ಇಲ್ಲಿದ್ದೀರಿ. ನೀಲಗಿರಿಯಿಂದ, ಕೊಡಗಿನಿಂದ ಬಂದವರೂ ಇದ್ದೀರಿ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ ಎಂಬುದು ನಮಗೆ ಗೊತ್ತು. ಆದಕಾರಣ ಉಪಚಾರದ ಮಾತು ಬೆಳೆಸದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ತಾತ ತೀರಿಕೊಂಡದ್ದು 2008ರಲ್ಲಿ, 87ನೆಯ ವಯಸ್ಸಿನಲ್ಲಿ. ಇಷ್ಟು ವರ್ಷಗಳಾದ ಮೇಲೆ ಅವರನ್ನು ಕುರಿತು ಈ ಕೂಟದಲ್ಲಿ ನಾಲ್ಕು ಮಾತು ಆಡಬೇಕೆಂದು ಹಿರಿಯರು ಹೇಳಿದಾಗ ಸಂಘದ ಒಬ್ಬ ತರುಣ ಮುಖಕ್ಕೆ ಮುಖ ಕೊಟ್ಟು ಕೇಳಿದ: "ಅವರು ಮಾಲೀಕರಾಗಿದ್ದವರಲ್ಲವೇ? ಕಾರ್ಮಿಕರ ಕೂಟದಲ್ಲಿ ಮಾಲೀಕರ ಗುಣಗಾನ ಏತಕ್ಕೆ?" ಪ್ರಶ್ನೆ ನ್ಯಾಯವಾದದ್ದೇ. ತಾತನ ಶೆಡ್ಡಿನಲ್ಲಿ ಕೆಲಸ ಬಿರುಸಾಗಿದ್ದ ಕಾಲದಲ್ಲೂ ಒಂಬತ್ತು ಜನಕ್ಕಿಂತ ಹೆಚ್ಚು ಇರಲಿಲ್ಲ. ಆದರೂ ಮಾಲೀಕ ಮಾಲೀಕನೇ. ಶನಿವಾರ ಸಂಜೆ ಕವರು ಕೊಡುವ ಕೈ ಬೇರೆ, ಕವರು ಪಡೆಯುವ ಕೈ ಬೇರೆ. ಅದನ್ನು ಮರೆಮಾಚಿ ಮಾತಾಡಿದರೆ ತಾತನೇ ಒಪ್ಪುತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತೇವೆ, ಗುಣಗಾನವೋ ಅಲ್ಲವೋ ನೀವೇ ತೂಗಿ ನೋಡಿ.

ಮೊದಲು ಅವರು ಎಲ್ಲಿಯವರು ಎಂಬುದನ್ನು ಹೇಳಬೇಕು. ಕೊಯಮತ್ತೂರಿನ ಪಕ್ಕದ ಕುರಿಚಿಯಲ್ಲಿ ಕನ್ನಡದ ಮಾತು ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ಇಲ್ಲಿನ ದೇವಾಂಗ ನೇಕಾರರು, ಒಕ್ಕಲಿಗರು ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಕನ್ನಡ ಆಡುತ್ತಾ ಬಂದವರು. ಲಿಪಿ ಬಾರದಿದ್ದರೂ ಮಾತು ಬಿಡಲಿಲ್ಲ. ನಮ್ಮ ಮನೆತನದ ದಾರಿ ಬೇರೆ. ನಮ್ಮವರು ಕೊಳ್ಳೇಗಾಲ ಸೀಮೆಯವರು. ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು ಎಂಬ ಸಂಗತಿ ಈಗಿನವರಿಗೆ ಅಷ್ಟಾಗಿ ತಿಳಿಯದು. ಹೀಗಾಗಿ ನಮ್ಮ ಹಿರಿಯರಿಗೆ ಕೋರ್ಟು, ಕಚೇರಿ, ಕಲೆಕ್ಟರು, ಎಲ್ಲವೂ ಕೊಯಮತ್ತೂರೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಂಗಾಣಿಯ ಮುಂಗಡ ಹಣ ಹಿಡಿದು ಆನೆಮಲೆಯ ತೋಟಗಳಿಗೆ ಹೋಗುವ ದಾರಿಯೂ ಇದೇ ಊರಿನ ಮೇಲೆ ಹಾದು ಹೋಗುತ್ತಿತ್ತು.

ತಾತನ ಅಪ್ಪ ಹಾಗೆ ಹೋದವರು. ಮುಂಗಡ ಎಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟವನ ಪುಸ್ತಕದಲ್ಲಿ ಸಾಲ ಎಷ್ಟಿದೆ ಎಂಬುದು ಕೊಟ್ಟವನಿಗೆ ಮಾತ್ರ ಗೊತ್ತು. ಹೆಬ್ಬೆಟ್ಟು ಒತ್ತಿದವನಿಗೆ ಗೊತ್ತಿಲ್ಲ. ವರ್ಷ ದುಡಿದರೂ ಪುಸ್ತಕದ ಸಾಲ ಕರಗುವುದಿಲ್ಲ. ತೋಟ ಕಾರ್ಮಿಕರ ಕಾಯ್ದೆ ಬಂದದ್ದು 1951ರಲ್ಲಿ. ಮನೆ, ಆಸ್ಪತ್ರೆ, ಶಿಶುಪಾಲನೆ, ರಜೆ ಇವೆಲ್ಲ ಕಾನೂನಿನ ಮಾತಾದದ್ದು ಅಂದಿನಿಂದ. ತಾತ ಹುಟ್ಟಿದ್ದು 1921ರಲ್ಲಿ. ಅವರ ಬಾಲ್ಯಕ್ಕೆ ಆ ಕಾನೂನಿನ ನೆರಳು ಬೀಳಲಿಲ್ಲ. ಮಲೇರಿಯಾದಲ್ಲಿ ಇಬ್ಬರು ತಂಗಿಯರು ಹೋದರು. ಅಪ್ಪನ ಸಾಲ ಎಷ್ಟು ಉಳಿದಿದೆ ಎಂದು ಕೇಳಲು ಹೋದಾಗ, "ನಿನಗೆ ಓದಲು ಬರುತ್ತದೆಯೇ?" ಎಂದು ಕಂಗಾಣಿ ನಕ್ಕನಂತೆ. ಈ ಒಂದು ನಗೆಯ ಮಾತನ್ನು ತಾತ ಯುದ್ಧದ ಎಲ್ಲ ಸಂಗತಿಗಳಿಗಿಂತ ಹೆಚ್ಚು ಸಲ ನಮಗೆ ಹೇಳಿದ್ದಾರೆ.

1941ರಲ್ಲಿ ಪೊಳ್ಳಾಚಿಯ ಸಂತೆಗೆ ಸೈನ್ಯಕ್ಕೆ ಆಳು ಸೇರಿಸುವವರು ಬಂದಿದ್ದರು. ದೇಶಭಕ್ತಿಯಿಂದ ಸೇರಿದೆ ಎಂದು ತಾತ ಎಂದೂ ಹೇಳಿಕೊಳ್ಳಲಿಲ್ಲ. ಅದು ಬೇರೆಯವರ ರಾಜ್ಯ, ಬೇರೆಯವರ ಯುದ್ಧ. ಮನೆಗೆ ಹಣ ಕಳಿಸಬಹುದು, ಹೊಟ್ಟೆ ತುಂಬ ಊಟ, ಕೈಗೊಂದು ಕಸುಬು, ಓದು ಬರಹ, ಇಷ್ಟೇ ಅವರ ಲೆಕ್ಕ. ಆ ಯುದ್ಧದ ಕಾಲದಲ್ಲಿ ಭಾರತೀಯ ಸೈನ್ಯಕ್ಕೆ 25 ಲಕ್ಷ ಜನ ಸೇರಿದರು. ಅವರಲ್ಲಿ ಎಷ್ಟು ಮಂದಿ ಇದೇ ಲೆಕ್ಕ ಹಾಕಿಕೊಂಡು ಹೋದರೋ ದೇವರಿಗೇ ಗೊತ್ತು. ಹಸಿವಿನಿಂದ ಹೋದ ಸೈನಿಕನೂ ಸೈನಿಕನೇ. ಗುಂಡು ಅವನನ್ನು ಬೇರೆ ಮಾಡಿ ನೋಡುವುದಿಲ್ಲ.

ಪೋದನೂರು ಜಂಕ್ಷನ್ನಿನಲ್ಲಿ ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದರು. ಅಲಸೂರಿನ ಹತ್ತಿರ ಮದ್ರಾಸ್ ಸ್ಯಾಪರ್ಸ್ ಪಡೆಯ ತರಬೇತಿ. ಸ್ಯಾಪರ್ ಎಂದರೆ ಬಂದೂಕು ಹಿಡಿದ ಕೂಲಿ ಎಂದು ತಾತ ತಮಾಷೆ ಮಾಡುತ್ತಿದ್ದರು. ಮುಂದೆ ಹೋಗಿ ರಸ್ತೆ ಕಡಿಯುವುದು, ಸೇತುವೆ ಕಟ್ಟುವುದು, ನೆಲದಲ್ಲಿ ಹುಗಿದ ಮೈನುಗಳನ್ನು ಹುಡುಕಿ ತೆಗೆಯುವುದು ಅವರ ಕೆಲಸ. ಪ್ರತಿಯೊಬ್ಬ ಸ್ಯಾಪರ್ ಒಂದು ಕಸುಬು ಕಲಿಯಬೇಕು. ತಾತ ಫಿಟ್ಟರ್ ಆದರು. ಅಳತೆ ಎಂಬ ಸಂಗತಿಯನ್ನು ಅಲ್ಲಿ ಕಲಿತೆ ಎನ್ನುತ್ತಿದ್ದರು. ತೋಟದಲ್ಲಿ ಅಳತೆ ಎಂದರೆ ತೂಕದ ಕಟ್ಟೆಯಲ್ಲಿ ರೈಟರು ಹೇಳಿದ್ದು. ಇಲ್ಲಿ ಅಳತೆ ಎಂದರೆ ನಮ್ಮ ಕೈಯಲ್ಲಿರುವ ಪಟ್ಟಿ ಹೇಳಿದ್ದು.

ಅವರ ಕಂಪನಿ 4ನೇ ಭಾರತೀಯ ಡಿವಿಷನ್ನಿಗೆ ಸೇರಿತ್ತು. ಆಫ್ರಿಕದ ಮರಳು ದಾಟಿ 1943ರ ಕೊನೆಯಲ್ಲಿ ಇಟಲಿಗೆ ಇಳಿದರು. ಕಸ್ಸೀನೋ ಎಂಬ ಊರು, ಅದರ ಮೇಲೆ ಬೆಟ್ಟ, ಬೆಟ್ಟದ ತಲೆಯ ಮೇಲೆ ಸಂತ ಬೆನೆಡಿಕ್ಟರು ಸ್ಥಾಪಿಸಿದ ಪುರಾತನ ಮಠ. 1944ರ ಫೆಬ್ರವರಿ 15ರಂದು ಮಿತ್ರರಾಷ್ಟ್ರಗಳ ವಿಮಾನಗಳು ಆ ಮಠವನ್ನು ಬಾಂಬು ಹಾಕಿ ಕೆಡವಿದವು. ಒಬ್ಬ ಕ್ರೈಸ್ತನಾಗಿ ಅದನ್ನು ನೋಡುತ್ತಾ ನಿಂತದ್ದು ಹೇಗಿತ್ತು ಎಂದು ನಾವು ಚಿಕ್ಕವರಿದ್ದಾಗ ಕೇಳಿದ್ದುಂಟು. ತಾತ ಉತ್ತರ ಕೊಡದೆ ಎದ್ದು ಹೋದರು.

ರಸ್ತೆಯ ಕಥೆಯನ್ನು ಮಾತ್ರ ಸಂತೋಷದಿಂದ ಹೇಳುತ್ತಿದ್ದರು. ಅಲ್ಲಿ ಬೆಟ್ಟದ ಹಿಂಭಾಗದಲ್ಲಿ ಹೇಸರಗತ್ತೆಗಳು ನಡೆಯುವ ಕಾಲುದಾರಿ ಒಂದಿತ್ತು. ಅದನ್ನು ಟ್ಯಾಂಕುಗಳು ಹತ್ತುವಷ್ಟು ಅಗಲ ಮಾಡಬೇಕು, ಶತ್ರುವಿಗೆ ಕಾಣಬಾರದು. ಭಾರತದ ಸ್ಯಾಪರುಗಳೂ ನ್ಯೂಜಿಲೆಂಡಿನವರೂ ಸೇರಿ, ಬಂಡೆ ಒಡೆದು, ಬಲೆ ಹೊದಿಸಿ ಮರೆಮಾಡಿ, ಆ ರಸ್ತೆಯನ್ನು ಮಾಡಿದರು. ಅದಕ್ಕೆ ಕ್ಯಾವೆಂಡಿಶ್ ರಸ್ತೆ ಎಂದು ಹೆಸರಿಟ್ಟರು. ಮಾರ್ಚ್ 19ರಂದು ಟ್ಯಾಂಕುಗಳು ಅದರ ಮೇಲೆ ಹೋದವು. ಆದರೆ ಜೊತೆಗೆ ಕಾಲಾಳು ಇಲ್ಲದೆ ದಾಳಿ ವಿಫಲವಾಯಿತು. "ರಸ್ತೆ ಚೆನ್ನಾಗಿತ್ತು, ಯುದ್ಧ ಮಾಡಿಸಿದವರ ಯೋಜನೆ ಚೆನ್ನಾಗಿರಲಿಲ್ಲ" ಎಂದು ತಾತ ನಗುತ್ತಿದ್ದರು. ಯಾವ ತೋಟದ ಮೇಸ್ತ್ರಿಯ ಬಾಯಲ್ಲೂ ಕೇಳಬಹುದಾದ ಮಾತು ಇದು.

ಇನ್ನೊಂದು, ಬೈಲಿ ಸೇತುವೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಆಮೇಲಿನ ಅವರ ನಡತೆಗೆಲ್ಲ ಇದು ಬೇರು. ಆ ಸೇತುವೆಯನ್ನು ಉಕ್ಕಿನ ಚೌಕಟ್ಟುಗಳಿಂದ ಕಟ್ಟುತ್ತಾರೆ. ಒಂದೊಂದು ಚೌಕಟ್ಟು 10 ಅಡಿ ಉದ್ದ, 570 ಪೌಂಡು ತೂಕ, ಎಂದರೆ ಸುಮಾರು 260 ಕಿಲೋ. ಅದನ್ನು ಹೊರಲು ಆರು ಜನ. ಕ್ರೇನು ಬೇಕಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಒಬ್ಬನ ಪಾಲಿಗೆ 43 ಕಿಲೋ ಬೀಳುತ್ತದೆ. ಕತ್ತಲಲ್ಲಿ, ಕೆಸರಿನಲ್ಲಿ, ಮಾತಿಲ್ಲದೆ ಹೊರಬೇಕು. ಆರರಲ್ಲಿ ಒಬ್ಬ ಹೆಗಲು ತಗ್ಗಿಸಿದರೆ ಭಾರ ಪಕ್ಕದವನ ಮೇಲೆ ಬೀಳುತ್ತದೆ. ತಗ್ಗಿಸಿದವನು ಯಾರೆಂದು ಕತ್ತಲಲ್ಲೂ ಗೊತ್ತಾಗುತ್ತದೆ ಎನ್ನುತ್ತಿದ್ದರು ತಾತ. ಒಂದು ರಾತ್ರಿ ಒಬ್ಬ ಕಡಿಮೆ ಬಿದ್ದಾಗ ಅವರ ಆಫೀಸರನೇ ಬಂದು ಆರನೆಯ ಜಾಗಕ್ಕೆ ಹೆಗಲು ಕೊಟ್ಟನಂತೆ. ಆ ಆಫೀಸರನ ಹೆಸರು ತಾತನಿಗೆ ನೆನಪಿರಲಿಲ್ಲ, ಹೆಗಲು ನೆನಪಿತ್ತು.

ತೀರಾ ಅಪರೂಪಕ್ಕೆ, ಶುಭ ಶುಕ್ರವಾರದ ಸಂಜೆ ಮಾತ್ರ, ಸುಬೇದಾರ್ ಸುಬ್ರಮಣ್ಯನ್ ಅವರ ಕಥೆ ಹೇಳುತ್ತಿದ್ದರು. ಕಾಂಚೀಪುರದ ಕಡೆಯ ಹಳ್ಳಿಯವರು, ಮದ್ರಾಸ್ ಸ್ಯಾಪರ್ಸಿನವರೇ. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೋ ಬಳಿ ಮೈನು ತೆಗೆಯುವಾಗ, ಸಿಡಿಯಲಿದ್ದ ಮೈನಿನ ಮೇಲೆ ತಾವೇ ಬಿದ್ದು ಜೊತೆಯವರ ಜೀವ ಉಳಿಸಿದರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಪದಕ ಬಂತು. ಅವರು ನಮ್ಮ ಮತದವರಲ್ಲ. ಸ್ನೇಹಿತರಿಗಾಗಿ ಪ್ರಾಣ ಕೊಡುವವನ ಪ್ರೀತಿಯನ್ನು ಕುರಿತ ವಾಕ್ಯ ಯೋಹಾನನ ಸುವಾರ್ತೆಯಲ್ಲಿದೆಯಲ್ಲ, ಅದನ್ನು ಗುಡಿಯಲ್ಲಿ ಓದುವಾಗ ತಾತನ ತುಟಿಯಲ್ಲಿ ಬರುತ್ತಿದ್ದುದು ಆ ಸುಬೇದಾರರ ಹೆಸರು.

1944ರ ಕೊನೆಗೆ ಡಿವಿಷನ್ನು ಗ್ರೀಸಿಗೆ ಹೋಯಿತು. ಸಂತ ಪೌಲರು ಪತ್ರ ಬರೆದ ಥೆಸಲೋನಿಕದ ಬೀದಿಗಳಲ್ಲಿ ನಮ್ಮ ತಾತ ಓಡಾಡಿದ್ದರು ಎಂಬುದು ಉಪದೇಶಿಯ ಕೆಲಸ ಮಾಡುವ ನಮಗೆ ದೊಡ್ಡ ಸಂಗತಿ. ಅವರನ್ನು ಕೇಳಿದರೆ ಅಲ್ಲಿ ಚಳಿ ಬಹಳ, ಜನ ಹಸಿದಿದ್ದರು, ಇಷ್ಟೇ.

1946ರಲ್ಲಿ ಬಿಡುಗಡೆಯಾಗಿ ಬಂದರು. ಕೈಯಲ್ಲಿ ಡಿಸ್ಚಾರ್ಜ್ ಪುಸ್ತಕ, ಒಂದು ಕಂಬಳಿ, ಸ್ವಲ್ಪ ಹಣ. ಆಮೇಲೆ ಟಪಾಲಿನಲ್ಲಿ ಪದಕಗಳು ಬಂದವು. ಆರು ಮೂಲೆಯ ಕಂಚಿನ ಇಟಲಿ ನಕ್ಷತ್ರ ಈಗಲೂ ನಮ್ಮ ಅಕ್ಕನ ಮನೆಯಲ್ಲಿದೆ. ಪಿಂಚಣಿ ಇಲ್ಲ. ಸಿಪಾಯಿಗೆ ಪಿಂಚಣಿ ಬೇಕಾದರೆ 15 ವರ್ಷದ ಸೇವೆ ಆಗಬೇಕು. ಯುದ್ಧಕ್ಕಾಗಿ ಸೇರಿಸಿಕೊಂಡು ಯುದ್ಧ ಮುಗಿದೊಡನೆ ಕಳಿಸಿದವರಿಗೆ ಅಷ್ಟು ವರ್ಷ ಎಲ್ಲಿಂದ ಬರಬೇಕು? ಲಕ್ಷಾಂತರ ಜನ ಹೀಗೆ ಬರಿಗೈಯಲ್ಲಿ ಊರು ಸೇರಿದರು.

ಅವರು ಬಂದ ವರ್ಷದ ಕೊಯಮತ್ತೂರಿನ ಗಾಳಿಯೇ ಬೇರೆಯಾಗಿತ್ತು. 1946ರ ಜನವರಿ 8ರಂದು ಇಲ್ಲಿನ ಸೆರೆಮನೆಯಲ್ಲಿ ಚಿನ್ನಿಯಂಪಾಳಯದ ನಾಲ್ವರು ಗಿರಣಿ ಕಾರ್ಮಿಕರನ್ನು ಗಲ್ಲಿಗೇರಿಸಿದ್ದರು: ರಾಮಯ್ಯನ್, ವೆಂಕಟಾಚಲಂ, ಚಿನ್ನಯ್ಯನ್, ರಂಗಣ್ಣನ್. ಊರಿನ ಗಿರಣಿ ಕಾರ್ಮಿಕರು ಅದನ್ನು ಮರೆಯಲಿಲ್ಲ. ತಾತ ಒಂದು ಗಿರಣಿಯ ರಿಪೇರಿ ವಿಭಾಗದಲ್ಲಿ ಫಿಟ್ಟರಾಗಿ ಸೇರಿ ಸಂಘದ ಚೀಟಿಯನ್ನೂ ತೆಗೆದುಕೊಂಡರು. 16 ವರ್ಷ ಅಲ್ಲೇ ದುಡಿದರು. ಅದರ ಬಗ್ಗೆ ಹೇಳುವುದು ಬಹಳವಿಲ್ಲ. ಪಾಳಿ, ಹತ್ತಿಯ ಧೂಳು, ಕೆಮ್ಮು, ನಾಲ್ಕು ಮಕ್ಕಳು.

ಆ ಕಾಲದಲ್ಲಿ ಕೊಯಮತ್ತೂರು ಬೆಳೆದ ಬಗೆ ನೋಡಬೇಕು. 1932ರಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ ಇಳಿದು ಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದು ಎದ್ದವು. ಗಿರಣಿ ಯಂತ್ರಗಳ ರಿಪೇರಿಗೆ ವರ್ಕ್‌ಶಾಪುಗಳು ಹುಟ್ಟಿದವು. ಇಲ್ಲಿನ ಬಾವಿಗಳು ಆಳ, ನೀರು ಎತ್ತಲು ಪಂಪು ಬೇಕು, ಪಂಪಿಗೆ ಮೋಟಾರು ಬೇಕು, 1937ರಲ್ಲೇ ಜಿ. ಡಿ. ನಾಯ್ಡು, ಬಾಲಸುಂದರಂ ನಾಯ್ಡು ಅವರು ಇದೇ ಊರಿನಲ್ಲಿ ಮೋಟಾರು ಮಾಡಿ ತೋರಿಸಿದ್ದರು. ಜಿ. ಡಿ. ನಾಯ್ಡು ಅವರನ್ನು ಕಂಡರೆ ತಾತನಿಗೆ ಬಹು ಗೌರವ. ಸುಲೂರಿನ ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿ, ಹೆಚ್ಚು ಓದದೆ, 1920ರಲ್ಲಿ ಒಂದೇ ಒಂದು ಬಸ್ಸು ಕೊಂಡು ಪೊಳ್ಳಾಚಿಯಿಂದ ಪಳನಿಗೆ ತಾವೇ ಓಡಿಸಿದವರು. "ಅವರು ಬಸ್ಸು ಓಡಿಸಬಹುದಾದರೆ ನಾನು ಲೇತು ಓಡಿಸಬಾರದೇ?" ಎಂಬುದು ತಾತನ ವಾದ. ಅಜ್ಜಿಯ ವಾದ ಬೇರೆ ಇತ್ತು. ತಿಂಗಳ ಸಂಬಳ ಬಿಟ್ಟು ಹೋಗುವುದು ಅಜ್ಜಿಗೆ ಇಷ್ಟವಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಅಜ್ಜಿಯ ಕಿವಿಯ ಓಲೆ, ಗಿರಣಿಯ ಲೆಕ್ಕ ತೀರಿಸಿ ಬಂದ ಹಣ, ಎರಡನ್ನೂ ಹಾಕಿ 1962ರಲ್ಲಿ ಕುರಿಚಿಯಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು, ಪಟ್ಟೆಯಿಂದ ತಿರುಗುವ ಒಂದು ಹಳೇ ಲೇತನ್ನು ಇಟ್ಟರು. ಆ ಓಲೆ ಮರಳಿ ಬಂದದ್ದು 11 ವರ್ಷದ ಮೇಲೆ. ಬಂಡವಾಳದ ಕಥೆ ಹೇಳುವವರು ಈ ಓಲೆಗಳ ಲೆಕ್ಕವನ್ನು ಸಾಧಾರಣವಾಗಿ ಬಿಟ್ಟುಬಿಡುತ್ತಾರೆ.

ಇಲ್ಲಿ ಒಂದು ಮಾತು. ಆಮೇಲೆ ಕುರಿಚಿಯಲ್ಲಿ ಸಿಡ್ಕೋ ಕೈಗಾರಿಕಾ ಎಸ್ಟೇಟು ಬಂತು. ನಮಗೆಲ್ಲ ಎಸ್ಟೇಟು ಎಂದರೆ ಚಹಾ, ಕಾಫಿ, ಲೈನುಮನೆ. ವಾಲ್ಪಾರೈಯಿಂದ ಬಂದ ನಮ್ಮ ದೊಡ್ಡಮ್ಮ ಒಬ್ಬರು, "ಎಸ್ಟೇಟು ಬಿಟ್ಟು ಓಡಿಹೋದವನು ಮತ್ತೆ ಎಸ್ಟೇಟಿಗೇ ಬಂದು ಬಿದ್ದನಲ್ಲ" ಎಂದು ತಾತನನ್ನು ಹಾಸ್ಯ ಮಾಡುತ್ತಿದ್ದರು. ಇಲ್ಲಿ ಗಿಡವಿಲ್ಲ, ಎಲೆಯಿಲ್ಲ. ಎರಕದ ಒಲೆ, ಕಬ್ಬಿಣದ ಪುಡಿ, ಎಣ್ಣೆಯ ವಾಸನೆ. ಮಸ್ಟರು ಮಾತ್ರ ಎರಡೂ ಕಡೆ ಒಂದೇ.

ಮೊದಲು ಪಂಪಿನ ಬುಷ್ಷು, ಶಾಫ್ಟುಗಳ ಕೆಲಸ ಬಂತು. ಆಮೇಲೆ ಗ್ರೈಂಡರ್. ದೋಸೆ ಇಡ್ಲಿ ಹಿಟ್ಟು ರುಬ್ಬುವ ಯಂತ್ರವನ್ನು 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಎಂಬವರು ಮೊದಲು ಮಾಡಿದರು. ಊತುಕುಳಿಯ ಕಡೆಯ ಕಲ್ಲು, ಇಲ್ಲಿನ ಮೋಟಾರು, ಎರಡೂ ಸೇರಿ ಊರೂರಿಗೆ ಹೋಯಿತು. ಎಷ್ಟೋ ವರ್ಷಗಳ ಮೇಲೆ ಕೊಯಮತ್ತೂರು ವೆಟ್ ಗ್ರೈಂಡರಿಗೆ ಊರಿನ ಹೆಸರಿನ ಸರಕೆಂದು ಸರ್ಕಾರದ ಭೌಗೋಳಿಕ ಗುರುತೂ ದೊರಕಿತು. ತಾತನ ಶೆಡ್ಡು ಅದರ ಪುಲ್ಲಿ, ಬುಷ್ಷು, ಶಾಫ್ಟು ಕಡೆದು ಬೇರೆ ಬೇರೆ ತಯಾರಕರಿಗೆ ಕೊಡುತ್ತಿತ್ತು. ತಾಯಂದಿರೇ, ದಿನವಿಡೀ ಬೆನ್ನು ಬಗ್ಗಿಸಿ ಎಲೆ ಕಿತ್ತು, ಸಂಜೆ ಲೈನಿಗೆ ಬಂದು ಒರಳಿನ ಮುಂದೆ ಕುಳಿತದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಗ್ರೈಂಡರಿನಲ್ಲಿ ರುಬ್ಬಿದ ಹಿಟ್ಟು ರುಚಿಯಿಲ್ಲ ಎಂದು ಆ ಕಾಲದ ಗಂಡಸರು ಹೇಳುತ್ತಿದ್ದರಂತೆ. ರುಬ್ಬುವ ಕೈ ಅವರದಲ್ಲವಲ್ಲ!

ಈಗ 1974ಕ್ಕೆ ಬರುತ್ತೇವೆ. ತರುಣನ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ.

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಸಣ್ಣವರಿಗೂ ಸಾಲ ಸಿಗತೊಡಗಿತು. ತಾತ ಸಾಲ ತೆಗೆದು ಎರಡನೆಯ ಲೇತು, ಒಂದು ಪವರ್ ಪ್ರೆಸ್ಸು ಹಾಕಿದರು. ಕೆಲಸಗಾರರು ಏಳು ಜನ ಆದರು. ಆಗಿನ ಬೋನಸ್ ಕಾಯ್ದೆ 1965ರದು. ಕನಿಷ್ಠ ಬೋನಸ್ಸು 8.33 ಶೇಕಡ, ಎಂದರೆ 12 ತಿಂಗಳು ದುಡಿದವನಿಗೆ ಒಂದು ತಿಂಗಳ ಸಂಬಳ. ಆದರೆ ಸಾಮಾನ್ಯವಾಗಿ 20 ಜನ ಇರುವ ಸಂಸ್ಥೆಗೆ ಅದು ಅನ್ವಯ. ಏಳು ಜನರ ಶೆಡ್ಡಿಗೆ ಕಾನೂನಿನ ಕಟ್ಟು ಇಲ್ಲ. ಆ ವರ್ಷ ದೀಪಾವಳಿಗೆ ಮುಂಚೆ ಏಳು ಜನರೂ ಬಂದು ಒಂದು ತಿಂಗಳ ಸಂಬಳ ಬೋನಸ್ಸು ಕೇಳಿದರು. ತಾತ ಕೊಡುವುದಿಲ್ಲ ಎಂದರು. ಕಾನೂನಿಲ್ಲ, ವಿದ್ಯುತ್ ಕಡಿತ, ಬ್ಯಾಂಕಿನ ಕಂತು ಬಾಕಿ. ಮಾಲೀಕರು ಹೇಳುವ ಎಲ್ಲ ಮಾತುಗಳನ್ನೂ ಹೇಳಿದರು. ಸಂಘದ ಚೀಟಿ ಹಿಡಿದಿದ್ದ ಹಳೇ ಫಿಟ್ಟರ್ ಆ ಹೊತ್ತಿನಲ್ಲಿ ಎಲ್ಲಿ ಹೋಗಿದ್ದನೋ!

ಏಳು ಜನ ಹೊರಗೆ ಬೇವಿನ ಮರದ ಕೆಳಗೆ ಕುಳಿತರು. ತಾತ ಒಬ್ಬರೇ ಒಳಗೆ ಲೇತು ಓಡಿಸಿದರು. ಒಂದು ದಿನ ಆಯಿತು. ಎರಡನೆಯ ದಿನ ಮಧ್ಯಾಹ್ನ ಅಜ್ಜಿ ಊಟ ತಂದವರು ಒಂದು ಅನ್ನದ ಪಾತ್ರೆ ಒಳಗೆ ಕೊಟ್ಟು, ಇನ್ನೊಂದನ್ನು ಮರದ ಕೆಳಗೆ ಇಟ್ಟು, ಯಾರಿಗೂ ಮಾತಾಡದೆ ಮನೆಗೆ ಹೋದರು. ಸಾಯಂಕಾಲ ತಾತ ಲೇತು ನಿಲ್ಲಿಸಿ ಹೊರಗೆ ಬಂದು, "ಒಳಗೆ ಬನ್ನಿ" ಎಂದರು. ಖಾತೆ ಪುಸ್ತಕವನ್ನು ಲೇತಿನ ಹಾಸಿನ ಮೇಲೆ ಬಿಚ್ಚಿಟ್ಟರು. "ನಿಮ್ಮಲ್ಲಿ ಓದಲು ಬರುವವರು ಗಟ್ಟಿಯಾಗಿ ಓದಿ, ಬಾರದವರಿಗೆ ನಾನು ಓದಿ ಹೇಳುತ್ತೇನೆ" ಎಂದರು.

ಪಾಲಕ್ಕಾಡಿನ ಕಡೆಯ ಟರ್ನರ್ ಒಬ್ಬ ಓದಿದ. ಬಂದ ಹಣ, ಕಬ್ಬಿಣದ ಬೆಲೆ, ವಿದ್ಯುತ್, ಬಾಡಿಗೆ, ಬ್ಯಾಂಕಿನ ಕಂತು, ಏಳು ಜನರ ಸಂಬಳ, ಮಾಲೀಕನ ಮನೆಖರ್ಚು. ಓದುತ್ತಾ ಓದುತ್ತಾ ಎರಡು ಸಂಗತಿ ಬೆಳಕಿಗೆ ಬಂದವು. ಒಂದು, ತಾತ ಹೇಳಿದ ಸಾಲ ನಿಜ. ಎರಡು, ಆ ವರ್ಷ ಲಾಭವೂ ಇತ್ತು. ತಾತ ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ಇತ್ತು, ಏಕೆಂದರೆ ಒಬ್ಬ ತಯಾರಕ ಕೊಟ್ಟ ಹಣವನ್ನು ಅವರು ಎರಡು ತಿಂಗಳು ಬರೆದಿರಲಿಲ್ಲ. ಟರ್ನರನೇ ಅದನ್ನು ಹಿಡಿದ. ತಾತನ ಕಿವಿ ಕೆಂಪಾಯಿತಂತೆ. ಅಲ್ಲಿಯೇ ತೀರ್ಮಾನ ಆಯಿತು: ಒಂದು ತಿಂಗಳ ಸಂಬಳ, ಅರ್ಧ ದೀಪಾವಳಿಗೆ, ಅರ್ಧ ಕ್ರಿಸ್ಮಸ್ಸಿಗೆ. ಮರದ ಕೆಳಗೆ ಕುಳಿತ ಎರಡು ದಿನದ ಕೂಲಿಯನ್ನು ತಾತ ಕೊಡಲಿಲ್ಲ, ಅವರೂ ಕೇಳಲಿಲ್ಲ.

ಅಂದಿನಿಂದ ಖಾತೆ ಪುಸ್ತಕ ಪೆಟ್ಟಿಗೆಯಲ್ಲಿ ಇರಲಿಲ್ಲ. ಶೆಡ್ಡಿನ ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದರು. ಎಣ್ಣೆಗೈಯಿಂದ ಮುಟ್ಟಬಾರದು, ಇಷ್ಟೇ ಷರತ್ತು. 30 ವರ್ಷದ ಪುಸ್ತಕಗಳಲ್ಲಿ ಎಣ್ಣೆಯ ಬೆರಳಿನ ಗುರುತಿಲ್ಲದ ಹಾಳೆ ಅಪರೂಪ. ಆ ಷರತ್ತು ಯಾರೂ ಪಾಲಿಸಲಿಲ್ಲ ಎಂದಾಯಿತು. ಪಕ್ಕದ ಶೆಡ್ಡುಗಳ ಮಾಲೀಕರಿಗೆ ಇದು ಸರಿಬರಲಿಲ್ಲ. "ನೀವು ನಮ್ಮ ಆಳುಗಳನ್ನೂ ಕೆಡಿಸುತ್ತೀರಿ" ಎಂದರು. ಕಂಗಾಣಿಯ ಪುಸ್ತಕದ ಮುಂದೆ ನಿಂತ ಹುಡುಗನ ಕಥೆ ಅವರಿಗೆ ಗೊತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಮಾತು ಚೆನ್ನಾಗಿ ಮುಗಿದಂತೆ ಆಗುತ್ತದೆ. ಆದರೆ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾಗದು.

1979ರಲ್ಲಿ ಪ್ರೆಸ್ಸಿನಲ್ಲಿ ಒಬ್ಬ ಹುಡುಗನ ಬಲಗೈಯ ಎರಡು ಬೆರಳು ಹೋದವು. ಹತ್ತೊಂಬತ್ತು ವರ್ಷದವನು. ಅಷ್ಟು ಸಣ್ಣ ಶೆಡ್ಡಿಗೆ ಆಗ ಇ.ಎಸ್.ಐ. ಇಲ್ಲ. ತಾತ ಆಸ್ಪತ್ರೆಯ ಖರ್ಚು ಪೂರ್ತಿ ಕೊಟ್ಟರು, ವಾಸಿಯಾದ ಮೇಲೆ ಅವನನ್ನು ಸಾಮಾನಿನ ಲೆಕ್ಕಕ್ಕೆ ಕೂರಿಸಿ ಅದೇ ಸಂಬಳ ಮುಂದುವರಿಸಿದರು, ಮದುವೆಗೆ ಸಹಾಯ ಮಾಡಿದರು. ಊರೆಲ್ಲ ಹೊಗಳಿತು. ಆದರೆ 1923ರಿಂದಲೇ ಕಾರ್ಮಿಕ ಪರಿಹಾರ ಕಾಯ್ದೆ ಎಂಬುದು ಇತ್ತು. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ 20 ಶೇಕಡ ನಷ್ಟ ಎಂದು ಅದರ ಪಟ್ಟಿಯಲ್ಲೇ ಬರೆದಿತ್ತು. ಅದರ ಪ್ರಕಾರ ಒಂದು ಮೊತ್ತ ಲೆಕ್ಕ ಹಾಕಿ ಅವನ ಕೈಗೆ ಕೊಡಬೇಕಾಗಿತ್ತು. ತಾತ ಕೊಡಲಿಲ್ಲ. "ನಾನು ಅವನನ್ನು ಕೈಬಿಟ್ಟಿಲ್ಲವಲ್ಲ" ಎಂದರು. ಕೈಬಿಡಲಿಲ್ಲ ನಿಜ. ಆದರೆ ಆ ಹಣ ಅವನದಾಗಿದ್ದರೆ ಅವನು ಬೇರೆ ಊರಿಗೆ ಹೋಗಬಹುದಿತ್ತು, ಅಂಗಡಿ ಇಡಬಹುದಿತ್ತು, ತಾತನೊಡನೆ ಜಗಳ ಆಡಬಹುದಿತ್ತು. ದಯೆಯಿಂದ ಸಿಕ್ಕ ಕೆಲಸದಲ್ಲಿ ಕುಳಿತವನು ಜಗಳ ಆಡುವುದು ಕಷ್ಟ. ನಾವು ಮೊಮ್ಮಕ್ಕಳು, ಅವರನ್ನು ಪ್ರೀತಿಸಿದವರು. ಆದರೂ ಸಂಘದ ಕೆಲಸ ಮಾಡುವವರು ಈ ವ್ಯತ್ಯಾಸವನ್ನು ಹೇಳದೆ ಬಿಡಬಾರದು.

ತಮಗೇ ಆ ಪಾಠ ಬಂದದ್ದು ಮುಪ್ಪಿನಲ್ಲಿ. ಪಿಂಚಣಿ ಇಲ್ಲದ ಎರಡನೆಯ ಮಹಾಯುದ್ಧದ ಸೈನಿಕರಿಗೆ ರಾಜ್ಯ ಸರ್ಕಾರದಿಂದ ತಿಂಗಳ ಸಹಾಯಧನ ಉಂಟು ಎಂದು ಯಾರೋ ತಿಳಿಸಿದರು. ತಾತನಿಗೆ ಆಗ 75 ದಾಟಿತ್ತು. ಒಂದು ಕಚೇರಿಗೆ ಮೂರು ಸಲ ಹೋದೆವು. ಡಿಸ್ಚಾರ್ಜ್ ಪುಸ್ತಕದಲ್ಲಿ ಅಪ್ಪನ ಹೆಸರು ಒಂದು ರೀತಿ, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಅಲ್ಲಿದ್ದ ಗುಮಾಸ್ತರು ಒಬ್ಬರು ಒಳ್ಳೆಯ ಮನಸ್ಸಿನಿಂದಲೇ, "ಅಜ್ಜ, ನಿಮಗೆ ಇಷ್ಟೆಲ್ಲ ಏಕೆ, ಮಕ್ಕಳು ಚೆನ್ನಾಗಿ ನೋಡಿಕೊಳ್ಳುವುದಿಲ್ಲವೇ?" ಎಂದರು. ತಾತ ಕೋಲು ನೆಲಕ್ಕೆ ಊರಿ ನಿಂತು, "ಮಕ್ಕಳು ನೋಡುತ್ತಾರೆ. ಇದು ಅದಲ್ಲ. ಇದು ನನಗೆ ಬರಬೇಕಾದದ್ದು" ಎಂದರು.

ಆ ದಿನ ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅವರು ಮಾತಾಡಲಿಲ್ಲ. ಮನೆಗೆ ಬಂದವರೇ ಹಳೇ ಖಾತೆ ಪುಸ್ತಕಗಳನ್ನು ತರಿಸಿ, 1979ರದನ್ನು ತೆಗೆದು, ಆ ಹುಡುಗನ ಅಂದಿನ ಸಂಬಳ ನೋಡಿ, ಒಬ್ಬ ವಕೀಲರಿಂದ ಕಾಯ್ದೆಯ ಲೆಕ್ಕ ಹಾಕಿಸಿದರು. ಹುಡುಗನಿಗೆ ಆಗ ಮೂವತ್ತೇಳರ ಮೇಲೆ ವಯಸ್ಸು. ಬಂದ ಮೊತ್ತಕ್ಕೆ ಅಷ್ಟು ವರ್ಷದ ಬಡ್ಡಿ ಸೇರಿಸಿ ಕೊಟ್ಟರು, ರಸೀದಿಯನ್ನೂ ಬರೆಸಿಕೊಂಡರು. "ರಸೀದಿ ಇಲ್ಲದಿದ್ದರೆ ಇದೂ ದಾನ ಆಗಿಬಿಡುತ್ತದೆ" ಎಂದರು. ಹಣ ಪಡೆದ ಮೂರು ತಿಂಗಳಿಗೆ ಅವನು ಕೆಲಸ ಬಿಟ್ಟು ಪೋದನೂರಿನಲ್ಲಿ ಸ್ವಂತ ಅಂಗಡಿ ಹಾಕಿದ. ತಾತನಿಗೆ ಅದು ಸ್ವಲ್ಪ ನೋವಾಯಿತು ಎಂದು ಅಜ್ಜಿ ಹೇಳುತ್ತಿದ್ದರು.

ಸಹಾಯಧನ ನಾಲ್ಕನೆಯ ಭೇಟಿಯ ಮೇಲೆ ಮಂಜೂರಾಯಿತು. ತಾತ ಹೋದದ್ದು 2008ರಲ್ಲಿ. ಆ ವರ್ಷದ ವಿದ್ಯುತ್ ಕಡಿತದಲ್ಲಿ ಇಲ್ಲಿನ ಸಣ್ಣ ಶೆಡ್ಡುಗಳೆಲ್ಲ ಅರ್ಧ ದಿನ ಕತ್ತಲಲ್ಲಿ ಇರುತ್ತಿದ್ದವು. ಮರಣದ ದಿನ ನಮ್ಮ ಶೆಡ್ಡೂ ಹಾಗೆಯೇ ನಿಂತಿತ್ತು. ಕೆಲಸಗಾರರು ರಜೆ ಕೇಳಬೇಕಾಗಿ ಬರಲಿಲ್ಲ.

ಆಮೇಲೆ ಮೂರು ವರ್ಷ ನಮ್ಮ ಚಿಕ್ಕಪ್ಪ ನಡೆಸಿದರು, ಆಗಲಿಲ್ಲ. ಲೇತುಗಳನ್ನು ಮಾರಿ, ಕೊನೆಯವರೆಗೆ ಇದ್ದ ಐದು ಜನರಿಗೆ ಸೇವೆಯ ವರ್ಷದ ಲೆಕ್ಕದಲ್ಲಿ ಹಂಚಿದರು. ಆ ಪಟ್ಟಿಯೂ ಮೊಳೆಗೆ ನೇತುಹಾಕಿದ್ದ ಕೊನೆಯ ಪುಸ್ತಕದಲ್ಲೇ ಇದೆ. ಪುಸ್ತಕಗಳನ್ನು ಇಂದು ಇಲ್ಲಿ ತಂದಿದ್ದೇವೆ, ಹಿಂದಿನ ಮೇಜಿನ ಮೇಲಿವೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಪ್ರಶ್ನೆ ಕೇಳಿದ ತರುಣ ಮೊದಲು ನೋಡಲಿ.

ಕೊನೆಗೊಂದು ಕೆಲಸದ ಮಾತು. ನಿಮ್ಮ ಲೈನುಮನೆಗಳಲ್ಲಿ, ಅಜ್ಜಂದಿರ ತಗಡಿನ ಪೆಟ್ಟಿಗೆಗಳಲ್ಲಿ ಸೈನ್ಯದ ಡಿಸ್ಚಾರ್ಜ್ ಪುಸ್ತಕ, ಪದಕ, ಹಳೇ ಫೋಟೋ ಇದ್ದರೆ ಎಸೆಯಬೇಡಿ. ತೋಟದಲ್ಲಿ ದುಡಿದವರ ಹಾಜರಿ ಚೀಟಿ, ಪ್ರಾವಿಡೆಂಟ್ ಫಂಡಿನ ಚೀಟಿ, ಗ್ರಾಚ್ಯುಟಿ ಅರ್ಜಿಯ ನಕಲು ಇದ್ದರೂ ಅಷ್ಟೇ. ಹೆಸರಿನ ಅಕ್ಷರ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಕೆಲಸ ಬಿಡುವ ದಿನದವರೆಗೆ ಕಾಯಬೇಡಿ. ಊಟದ ಮೇಲೆ ಸಂಘದ ಇಬ್ಬರು ಜಗಲಿಯಲ್ಲಿ ಕುಳಿತಿರುತ್ತಾರೆ, ಕಾಗದ ತಂದವರು ಅವರಿಗೆ ತೋರಿಸಿ. ವಾಲ್ಪಾರೈಯವರಿಗೆ ಬಸ್ಸು ನಾಲ್ಕು ಗಂಟೆಗೆ ಇದೆಯೆಂದು ಹೇಳಿದ್ದಾರೆ, ಆದ್ದರಿಂದ ಮೊದಲ ಪಂಕ್ತಿಗೆ ಅವರೇ ಕುಳಿತುಕೊಳ್ಳಲಿ.